ತುಂಬಿದ ಬಾವಿಯ ಫೋಟೊ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು, ಅದು ನಮ್ಮವರಿಗೆಲ್ಲ ಗೊತ್ತುಂಟು. ಅದಕ್ಕಿಂತ ಕೆಟ್ಟ ಚಾಳಿ ಇನ್ನೊಂದು: ವಾದದಲ್ಲಿ ಸೋಲಲಿಕ್ಕೆ ನನ್ನಿಂದ ಆಗುವುದಿಲ್ಲ. ಉಡುಪಿಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಕಾಲು ಮೆಷಿನಿನ ಮೇಲೆ, ಕಣ್ಣು ಬಟ್ಟೆಯ ಮೇಲೆ, ಮನಸ್ಸು ಮಾತ್ರ ವಾಟ್ಸಾಪಿನಲ್ಲಿ. ನಮ್ಮ ಕುಟುಂಬದ ಗ್ರೂಪಿನಲ್ಲಿ ಎರಡು ಪಕ್ಷ. ನಾನು ಒಂದು ಕಡೆ, ಕಾರ್ಕಳದ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋದ ನನ್ನ ಅಕ್ಕ ಇನ್ನೊಂದು ಕಡೆ. ಅಕ್ಕ ಅಲ್ಲಿ ಗ್ರಾಮ ಪಂಚಾಯತಿನ ಸದಸ್ಯೆ. ಪಂಚಾಯತು ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ ಅನ್ನುತ್ತಾರೆ, ಆದರೆ ಯಾರು ಯಾರ ಕಡೆ ಅಂತ ಊರಿನ ನಾಯಿಗೂ ಗೊತ್ತಿರುತ್ತದೆ.

ಕಳೆದ ಮೇ ತಿಂಗಳಲ್ಲಿ ನನ್ನ ಫೋನಿಗೆ ಒಂದು ಚಿತ್ರ ಬಂತು. ಎರಡು ಫೋಟೊಗಳನ್ನು ಪಕ್ಕಪಕ್ಕ ಅಂಟಿಸಿದ್ದರು. ಎಡಗಡೆ ಕಾಪುವಿನ ಒಂದು ಬಾವಿ, ಬಗ್ಗಿದರೆ ಕೈಗೆ ಸಿಗುವಷ್ಟು ನೀರು. ಬಲಗಡೆ ಟ್ಯಾಂಕರಿನ ಹಿಂದೆ ಕೊಡ ಹಿಡಿದು ನಿಂತ ಹೆಂಗಸರು, ಅವರ ಪಕ್ಕದಲ್ಲಿ ನನ್ನ ಅಕ್ಕ. ಕೆಳಗೆ ದಪ್ಪ ಅಕ್ಷರ: 'ಒಂದೇ ಜಿಲ್ಲೆ, ಒಂದೇ ಬೇಸಗೆ. ಅಲ್ಲಿ ನಮ್ಮವರು, ಇಲ್ಲಿ ಅವರು. ನೀವೇ ನೋಡಿ.' ನನಗೆ ಎಷ್ಟು ಖುಷಿಯಾಯಿತೆಂದರೆ ಹೇಳಲಿಕ್ಕೆ ನಾಚಿಕೆಯಾಗುತ್ತದೆ. ಹಿಂದಿನ ದಿನವಷ್ಟೇ ಎಲ್ಲರೆದುರು ಅಕ್ಕ ನನ್ನ ಬಾಯಿ ಮುಚ್ಚಿಸಿದ್ದಳು. ನಾನು ಅದನ್ನು ಕುಟುಂಬದ ಗ್ರೂಪಿಗೆ ಹಾಕಿದೆ, ಗಿರಾಕಿಗಳ ಗ್ರೂಪಿಗೂ ಹಾಕಿದೆ, ನಗುವ ಮುಖ ಎರಡು ಸೇರಿಸಿ.

ಮೂರನೆಯ ದಿನ ಅಕ್ಕ ಫೋನು ಮಾಡಿದಳು. ಹಾಲಿನ ಡೈರಿಯಲ್ಲಿ ಅವಳ ವಾರ್ಡಿನವರೇ ಆ ಫೋಟೊ ತೋರಿಸಿ ನಕ್ಕರಂತೆ.

"ರಾಜೀನಾಮೆ ಬರೆದಿಟ್ಟಿದ್ದೇನೆ," ಅಂದಳು. "ಸಾಕಾಯಿತು ಮಾರಾಯ್ತಿ."

ಹೋಗುವುದು ಅವಳ ಕುರ್ಚಿ ಒಂದೇ ಅಲ್ಲ. ಯಾಕೆಂದರೆ ಆ ಟ್ಯಾಂಕರು ಹೋಗುವುದು ಊರವರ ಮನೆಗೆ ಮಾತ್ರ ಅಲ್ಲ. ಕಲ್ಲುಕೋರೆಯ ಹಿಂದೆ ಶೆಡ್ಡುಗಳಲ್ಲಿ ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಕೆಲಸಕ್ಕೆ ಬಂದವರಿದ್ದಾರೆ. ಅವರಿಗೆ ಇಲ್ಲಿ ಓಟಿಲ್ಲ. ಓಟಿಲ್ಲದವರಿಗೆ ನೀರೆಂತಕ್ಕೆ ಅಂತ ಪ್ರತಿ ಬೇಸಗೆಯೂ ಒಬ್ಬರಲ್ಲ ಒಬ್ಬರು ತಕರಾರು ತೆಗೆಯುತ್ತಾರೆ, ಪ್ರತಿ ಬೇಸಗೆಯೂ ಅಕ್ಕ ಜಗಳ ಮಾಡಿ ಟ್ಯಾಂಕರನ್ನು ಗುಡ್ಡ ಹತ್ತಿಸುತ್ತಾಳೆ. ಅವಳು ಬಿಟ್ಟರೆ ಅವರಿಗೆ ನೀರಿಲ್ಲ.

ಆಗ ಆ ಫೋಟೊವನ್ನು ಮೊದಲ ಸಲ ಸರಿಯಾಗಿ ನೋಡಿದೆ. ಕಳಿಸುವಾಗ ಯಾರು ನೋಡುತ್ತಾರೆ? ಬಾವಿಯ ಸುತ್ತ ಬಿಳಿ ಮರಳು. ಅಕ್ಕನ ಊರಲ್ಲಿ ಕೆಂಪು ಮುರಕಲ್ಲು, ಅದರ ಕೆಳಗೆ ಕರಿ ಪಾದೆ, ನೀರು ನಿಲ್ಲದ ಬಂಡೆ. ಒಬ್ಬಳ ಸೊಂಟಕ್ಕೂ ಇನ್ನೊಬ್ಬಳ ತೋಳಿಗೂ ಟೇಪು ಹಿಡಿದು 'ನೋಡಿ, ಇವಳು ದಪ್ಪ' ಅಂದರೆ ನನ್ನ ಅಂಗಡಿಗೆ ಯಾರಾದರೂ ಬರುತ್ತಾರಾ? ಆದರೂ ಒಂದು ಸಂಶಯ ಹೋಗಲಿಲ್ಲ. ಮರಳೋ ಕಲ್ಲೋ, ನೀರು ಅಷ್ಟು ಉಂಟಲ್ಲ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಆದಿತ್ಯವಾರ ಅಂಗಡಿಗೆ ಬೀಗ ಹಾಕಿ ಕಾಪುವಿನ ಬಸ್ಸು ಹತ್ತಿದೆ.

ಬಾವಿ ಹುಡುಕುವುದು ಕಷ್ಟವಾಗಲಿಲ್ಲ. ರಸ್ತೆ ಬದಿಯಲ್ಲಿ ಮೀನು ಮಾರುತ್ತಿದ್ದವಳಿಗೆ ಫೋನು ತೋರಿಸಿದೆ, ಅವಳು ಕಡಲಿನ ದಿಕ್ಕಿಗೆ ಕೈ ಮಾಡಿ ಎರಡು ತಿರುವು ಹೇಳಿದಳು. ಆ ಮನೆಯ ಹೆಂಗಸು ಅಂಗಳದ ಟರ್ಪಾಲಿನ ಮೇಲೆ ಮೀನು ಒಣಗಿಸುತ್ತಿದ್ದಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಬಾಯಾರಿಕೆ, ನಿಮ್ಮ ಬಾವಿಯದ್ದು ಒಂದು ಲೋಟ ಕೊಡಿ ಅಂತ ತುಳುವಿನಲ್ಲೇ ಕೇಳಿದೆ.

"ಬಾವಿಯದ್ದಾ?" ಅಂತ ನನ್ನ ಮುಖವನ್ನೇ ನೋಡಿದಳು. ಮತ್ತೆ ಎಂತ ಅನಿಸಿತೋ, ಕೊಡಪಾನ ಇಳಿಸಿ ಮೊಗೆದು ಕೊಟ್ಟಳು.

ಒಂದೇ ಗುಟುಕಿಗೆ ಗಂಟಲು ಹಿಡಿಯಿತು. ಉಪ್ಪು. ಗಂಜಿಗೆ ಹಾಕಿದರೆ ಬೇರೆ ಉಪ್ಪು ಬೇಡ.

ಅವಳು ಹೊಟ್ಟೆ ಹಿಡಿದು ನಕ್ಕಳು. "ಸಮುದ್ರ ಅಲ್ಲೇ ಉಂಟಲ್ಲ. ಮಳೆಗಾಲದಲ್ಲಿ ಕುಡಿಯಬಹುದು, ಬೇಸಗೆಯಲ್ಲಿ ಹೀಗೆ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ." ಕುಡಿಯುವ ನೀರು ರಸ್ತೆಯ ನಳ್ಳಿಯಲ್ಲಿ ಎರಡು ದಿನಕ್ಕೊಮ್ಮೆ, ಅದೂ ಬಂದರೆ ಬಂತು. ಬಾವಿಯ ಫೋಟೊವನ್ನು ಯಾರೋ ಬಂದು ತೆಗೆದುಕೊಂಡು ಹೋಗಿದ್ದರಂತೆ. ಚಂದ ಉಂಟು ಅಂದರಂತೆ, ಕುಡಿದು ನೋಡಲಿಲ್ಲವಂತೆ.

ಫೋನನ್ನು ಅವಳ ಕೈಗೆ ಕೊಟ್ಟೆ. ತನ್ನ ಬಾವಿಯನ್ನು ಅವಳು ನೋಡಿದ್ದು ಅರೆಗಳಿಗೆ. ಬಲಗಡೆಯ ಟ್ಯಾಂಕರನ್ನು ಎರಡು ಬೆರಳಿನಿಂದ ದೊಡ್ಡ ಮಾಡಿ ತುಂಬ ಹೊತ್ತು ನೋಡಿದಳು.

"ಇವರಿಗೆ ನೀರು ಬಾಗಿಲಿಗೇ ಬರುತ್ತದಾ?" ಅಂದಳು. "ಪುಣ್ಯ ಮಾಡಿದವರು. ಇದು ಯಾರ ಪಂಚಾಯತು?"

ಅವಮಾನ ಅಂತ ನಾನು ಹಂಚಿದ್ದು ಅವಳಿಗೆ ಭಾಗ್ಯವಾಗಿ ಕಂಡಿತ್ತು. ಅದೇ ಎರಡು ಫೋಟೊ ಇಟ್ಟು, ಕೆಳಗಿನ ಬರಹ ಮಾತ್ರ ಬದಲಿಸಿ, ಅಕ್ಕನ ಪಕ್ಷದವರೂ ಊರಿಡೀ ಹಂಚಬಹುದಿತ್ತು. ಈ ಬುದ್ಧಿ ನನಗೆ ಮೊದಲೇ ಯಾಕೆ ಬರಲಿಲ್ಲ ಅಂತ ನನಗೇ ಆಶ್ಚರ್ಯವಾಯಿತು.

ಒಂದು ಬಾಟಲಿ ತುಂಬಿಸಿಕೊಂಡು ಶಿರ್ವದ ಮೇಲಿನಿಂದ ಹೋಗುವ ಬಸ್ಸಿನಲ್ಲಿ ಕಾರ್ಕಳಕ್ಕೆ, ಅಲ್ಲಿಂದ ಅಕ್ಕನ ಊರಿಗೆ ಹೋದೆ. ಅಕ್ಕ ಅಡುಗೆ ಮನೆಯಲ್ಲಿದ್ದಳು. ಬಾಟಲಿ ಮುಂದಿಟ್ಟು ಎಲ್ಲ ಹೇಳಿದೆ. ಅವಳು ಒಂದು ಹನಿ ನಾಲಗೆಗೆ ಹಚ್ಚಿ ಮುಖ ಕಿವಿಚಿದಳು.

"ಇವತ್ತೇ ಗ್ರೂಪಿಗೆ ಹಾಕುತ್ತೇನೆ," ಅಂದೆ. "ಅಲ್ಲಿ ಉಪ್ಪು ನೀರು, ಇಲ್ಲಿ ಬಾಗಿಲಿಗೆ ಸಿಹಿನೀರು ಅಂತ. ಅವರ ಬಾಯಿ ಮುಚ್ಚಬೇಕು."

"ಹಾಕು. ಕಾಪುವಿನ ಆ ಹೆಂಗಸನ್ನೂ ಅಲ್ಲಿಯವರು ಡೈರಿಯಲ್ಲಿ ನಿಲ್ಲಿಸಿ ನಗಲಿ." ಅಕ್ಕ ಬಾಟಲಿಯ ಮುಚ್ಚಳ ಬಿಗಿದಳು. "ಒಂದು ಕೇಳುತ್ತೇನೆ. ನಮ್ಮ ಬಾವಿ ಮೇ ತಿಂಗಳಲ್ಲಿ ಬತ್ತುತ್ತದೆ ಅಂತ ನಿನಗೆ ಗೊತ್ತಿರಲಿಲ್ಲವಾ? ಮಕ್ಕಳಿಗೆ ರಜೆ ಅಂತ ಬಂದು ನನ್ನ ಜೊತೆ ಕೆಸರು ಎತ್ತಿದ್ದೀಯಲ್ಲ. ಆಗ ಈ ಪಂಚಾಯತಿನಲ್ಲಿ ಇದ್ದದ್ದು ನಿನ್ನ ಪಕ್ಷವೇ ಅಲ್ವಾ?"

"ಗೊತ್ತಿತ್ತು."

"ಮತ್ತೆ ಯಾಕೆ ಕಳಿಸಿದೆ?"

"ಗೆಲ್ಲಬೇಕು ಅಂತ ಇತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಹೇಳಿ ಹಗುರಾಗುತ್ತಿದ್ದೆ. ಹೊರಗೆ ಟ್ಯಾಂಕರು ಹಾರ್ನು ಹಾಕಿತು, ಅಕ್ಕ ಚಪ್ಪಲಿ ಮೆಟ್ಟಿದಳು, ನಾನೂ ಹಿಂದೆ ಹೋದೆ.

ಶೆಡ್ಡುಗಳ ಹತ್ತಿರ ಕೊಡಗಳು ಆಗಲೇ ಸಾಲಾಗಿ ಕೂತಿದ್ದವು. ಕೊಡ ಹಿಡಿದು ಮುಂದೆ ಬಂದವಳ ಗುರುತು ನನಗೆ ಸಿಕ್ಕಿತು, ಫೋಟೊದಲ್ಲಿ ಅಕ್ಕನ ಪಕ್ಕದಲ್ಲೇ ನಿಂತಿದ್ದವಳು. ಅವಳು ಅಕ್ಕನ ಸೆರಗು ಹಿಡಿದಳು.

"ಅಕ್ಕಾರ, ನೀವು ಬಿಡಾಕತ್ತೀರಂತ, ಹೌದೇನ್ರಿ? ನಾಳಿಂದ ನಮಗ ಟ್ಯಾಂಕರ್ ಯಾರ ಕಳಸ್ತಾರ್ರಿ?"

ಅಕ್ಕ ಪೈಪು ಸರಿ ಮಾಡುತ್ತಾ ನನ್ನ ಕಡೆ ಗದ್ದ ತೋರಿಸಿದಳು. "ಇವಳನ್ನು ಕೇಳಿ. ನನ್ನ ತಂಗಿ. ಆ ಫೋಟೊ ಹಂಚಿದವರಲ್ಲಿ ಇವಳೂ ಒಬ್ಬಳು."

ಅವಳು ಸಿಟ್ಟು ಮಾಡುತ್ತಾಳೆ ಅಂದುಕೊಂಡೆ. ಮಾಡಲಿಲ್ಲ. ಸೆರಗು ಸರಿಪಡಿಸಿಕೊಂಡು, ದೊಡ್ಡ ಆಫೀಸಿನವರ ಮುಂದೆ ನಿಲ್ಲುವ ಹಾಗೆ ನನ್ನ ಮುಂದೆ ನಿಂತಳು.

"ಅಕ್ಕಾರ, ನಾಳೆ ನೀರು ಬರತೈತೇನ್ರಿ?"

ಅವಳ ಕೊಡ ತೆಗೆದುಕೊಂಡು ಪೈಪಿಗೆ ಹಿಡಿದೆ.

ಮಳೆ ಹಿಡಿಯುವ ತನಕ ಅಕ್ಕ ದಿನವೂ ಟ್ಯಾಂಕರಿನ ಜೊತೆ ಗುಡ್ಡ ಹತ್ತಿದಳು. ಬಾವಿಗೆ ನೀರು ಬಂದ ವಾರ ಆ ರಾಜೀನಾಮೆ ಪತ್ರ ತೆಗೆದುಕೊಂಡು ಹೋಗಿ ಕೊಟ್ಟಳು. ನಾನು ಬೇಡ ಬೇಡ ಅಂತ ಕಾಲು ಹಿಡಿಯುವುದೊಂದು ಬಾಕಿ. ಶೆಡ್ಡಿನವರು ಇನ್ನೂ ಅಲ್ಲೇ ಇದ್ದಾರೆ, ಬೇಸಗೆ ಬರುತ್ತಾ ಉಂಟು.