ರೋಮನ್ ದಾರಿಯ ಮೇಲೆ ಕೆಜಾಯಳ ಮಂಚ

ನಮ್ಮೂರಿನ ಓಣಿ ರೋಮನ್ನರು ಹಾಕಿದ್ದು. ಗುಡ್ಡದಿಂದ ಹೊಳೆಯ ತನಕ ದಾರ ಹಿಡಿದ ಹಾಗೆ ನೆಟ್ಟಗೆ ಬರುತ್ತದೆ; ಒಂದೇ ಒಂದು ಕಡೆ ಸೊಂಟ ತಿರುಗಿಸುತ್ತದೆ, ಕೆಜಾಯ ಪರ್ಸ್ಲೋ ಮನೆಯ ಹತ್ತಿರ. ಅವಳ ಮುತ್ತಾತ ಯಾರನ್ನೂ ಕೇಳದೆ ದಾರಿಯ ನಟ್ಟನಡುವೆ ಮನೆ ಕಟ್ಟಿಬಿಟ್ಟ, ಗಾಡಿಗಳು ಸುತ್ತಿಕೊಂಡು ಹೋದವು, ಅಷ್ಟೇ ಕಥೆ. ಓಣಿಯ ಈಚೆ ನಮ್ಮ ನೆದರ್‌ಕೋಟ್ ಚರ್ಚಿನ ಸರಹದ್ದು, ಆಚೆ ಹೋಪ್ಲಿಯವರದು. ಸರಹದ್ದಿನ ಗೆರೆ ಮಾತ್ರ ತಿರುವಿಲ್ಲದ ಹಳೇ ದಾರಿಯದೇ. ಹಾಗಾಗಿ ಅದು ಅವಳ ಮನೆಯೊಳಗೇ ಹಾದುಹೋಗುತ್ತದೆ.

ಕೆಜಾಯ ಊರವರ ಬಟ್ಟೆ ಒಗೆದು ಬದುಕಿದವಳು. ಅವಳ ತೋಳು ನನ್ನ ತೋಳಿಗಿಂತ ದಪ್ಪ. ಕಮ್ಮಾರನಾಗಿ ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ. ನಮ್ಮ ಚರ್ಚಿನ ಗೋಪುರದಲ್ಲಿ ಆರು ಗಂಟೆಗಳಿವೆ, ಒಂದೊಂದರ ಹಗ್ಗ ಎಳೆಯಲು ಒಬ್ಬೊಬ್ಬರು; ನಾನೂ ಅವರಲ್ಲೊಬ್ಬ. ಮೂರನೆಯದರ ಹಗ್ಗ ಮೂವತ್ತು ವರ್ಷದಿಂದ ಅವಳದು. ಊರಿನ ಯಾವ ಮದುವೆಗೂ ಅವಳು ಬಾರಿಸದೆ ಬಿಟ್ಟದ್ದಿಲ್ಲ. ಐವತ್ತೊಂದನೇ ವಯಸ್ಸಿನಲ್ಲಿ ಅವಳಿಗೇ ಮದುವೆ ಕೂಡಿಬಂತು, ಹೋಪ್ಲಿಯ ಸೆಪ್ಟಿಮಸ್ ಗಾಫ್ ಜೊತೆ. ಓಣಿಯನ್ನು ಹಸನು ಮಾಡುವ ಕೆಲಸದವನು. ಇಪ್ಪತ್ತು ವರ್ಷ ಅವಳ ಮನೆ ಮುಂದಿನ ಚರಂಡಿಯನ್ನೇ ಕೆರೆದ ಮಹಾನುಭಾವ. ಬಾಯಿ ಬಿಡಲು ಅಷ್ಟು ಕಾಲ ಬೇಕಾಯಿತು!

"ಅಮೋಸ್, ಆರೂ ಗಂಟೆ ನಂಗೋಸ್ಕರ ಹೊಡೀಬೇಕು ಕಣೋ," ಅಂದಳು ನನಗೆ. "ಒಂದೇ ಒಂದು ಸಲ ಕೆಳಗೆ ನಿಂತು ಕೇಳ್ಬೇಕು ನಾನು."

ಆ ಮೇ ತಿಂಗಳು ಸರಹದ್ದು ನಡೆಯುವ ದಿನ ಬಂತು. ಗಡಿ ಎಲ್ಲಿದೆಯೆಂದು ಮರೆಯದಿರಲು ವರ್ಷಕ್ಕೊಮ್ಮೆ ಎರಡೂ ಊರಿನವರು ಹಸಿ ಕೋಲು ಹಿಡಿದು, ಗಡಿಕಲ್ಲುಗಳನ್ನು ಬಡಿಯುತ್ತಾ ನಡೆಯುತ್ತೇವೆ. ಗೆರೆ ಹೋದಲ್ಲಿ ನಾವು: ಕೆಜಾಯಳ ಅಡಿಗೆಮನೆ ಬಾಗಿಲಿಂದ ಒಳಗೆ, ಮಲಗುವ ಕೋಣೆಯ ಕಿಟಕಿಯಿಂದ ಹೊರಗೆ. ನಡುವೆ ಅವಳ ಶಾಜೀರಿಗೆ ಕೇಕು. ಹೋಪ್ಲಿಯ ಹೊಸ ಪಾದ್ರಿ ಪಿಲ್‌ಬೀಮ್‌ಗೆ ಬರೀ ನಡೆದದ್ದು ಸಾಲದೆ ಹೋಯಿತು. ತಿರುವಿನ ಎರಡು ತುದಿಯ ಕಲ್ಲುಗಳ ನಡುವೆ, ಮನೆಯೊಳಗಿಂದಲೇ ದಾರ ಕಟ್ಟಿಸಿದರು. ದಾರ ಅವಳ ಮಂಚದ ಮೇಲೆ ಅಡ್ಡ ಬಿತ್ತು. ಕಾಲು ನಮ್ಮ ಕಡೆ, ದಿಂಬು ಹೋಪ್ಲಿ ಕಡೆ.

"ತಲೆ ಇಟ್ಟು ಮಲಗೋ ಕಡೇನೇ ವಾಸ ಕಣಮ್ಮ," ಅಂದರು ಪಾದ್ರಿ. "ಗಂಡೂ ನಮ್ಮವನೇ. ಹೆಣ್ಣು ಬೇರೆ ಊರಿನವಳಾಗಿದ್ರೆ ಅಲ್ಲೇ ಆಗ್ಬಹುದಿತ್ತು. ಇಬ್ರೂ ನಮ್ಮವರಾದ್ಮೇಲೆ ಮದುವೆ ನಮ್ಮ ಚರ್ಚಲ್ಲೇ ಆಗ್ಬೇಕು."

ಹೋಪ್ಲಿ ಚರ್ಚಿಗಿರುವುದು ಒಂದೇ ಗಂಟೆ, ಅದೂ ಬಿರುಕು ಬಿಟ್ಟದ್ದು. ತಗಡಿನ ಬಕೆಟ್ ಬಡಿದ ಹಾಗೆ ಕೇಳುತ್ತದೆ. ಕೆಜಾಯಳ ಮುಖ ಬಾಡಿಹೋಯಿತು. ನನಗೆ ಮೈಯೆಲ್ಲ ಉರಿದುಹೋಯಿತು.

"ಏನ್ ಸ್ವಾಮಿ, ಕಾಲಿಗೆ ಲೆಕ್ಕಾನೇ ಇಲ್ವಾ?" ಅಂದೆ. ಸೆಪ್ಟಿಮಸ್ ಬಾಯ್ತುಂಬ ಕೇಕು ಇಟ್ಟುಕೊಂಡು ಗೋಡೆಗೊರಗಿ ನಿಂತಿದ್ದ, ದಂಡಪಿಂಡ!

ಕೆಜಾಯ ಏಪ್ರನ್ನಿಂದ ಮೂಗು ಒರೆಸಿಕೊಂಡಳು. ದಿಂಬು ಎತ್ತಿ ಕಾಲಿನ ಕಡೆಗೆ ಎಸೆದಳು. ಎರಡೂರಿನ ಜನರ ಎದುರಿಗೇ, ಬೂಟು ಸಮೇತ, ತಿರುಗಾಮುರುಗಾ ಮಲಗಿಬಿಟ್ಟಳು.

"ಈಗ ಹೇಳಿ ಪಾದ್ರಿಗಳೇ, ಈ ತಲೆ ಯಾವೂರದು?"

ಪಾದ್ರಿ ದಾರ ನೋಡಿದರು, ದಿಂಬು ನೋಡಿದರು, ಅವಳ ತೋಳು ನೋಡಿದರು. "ನೆದರ್‌ಕೋಟಿಂದು," ಅಂದರು. "ಆದ್ರೆ ಮದುವೆ ತನಕ ದಿನಾ ಹೀಗೇ ಮಲಗ್ಬೇಕು."

ಸೆಪ್ಟಿಮಸ್ ಕೇಕು ನುಂಗಿದ. "ಆಮೇಲೆ ನಾನೂ ಆ ಕಡೆಗೇ ತಲೆ ಹಾಕ್ತೀನಿ," ಅಂದ. ಕೋಣೆಯಲ್ಲಿ ಬಿದ್ದೂ ಬಿದ್ದೂ ನಕ್ಕೆವು. ಪಾದ್ರಿಯೂ ನಕ್ಕರು, ಪಾಪ.

ಜೂನ್‌ನಲ್ಲಿ ನಮ್ಮ ಚರ್ಚಿನಲ್ಲೇ ಮದುವೆಯಾಯಿತು. ಗಂಡುಹೆಣ್ಣು ಅಂಗಳಕ್ಕೆ ಕಾಲಿಟ್ಟ ತಕ್ಷಣ ಬಾರಿಸಬೇಕೆಂದು ನಾವು ಗೋಪುರ ಹತ್ತಿದೆವು. ಹತ್ತಿ ನೋಡಿದರೆ ಐದೇ ಜನ! ಒಂದು ತಿಂಗಳು ದಿಂಬಿನ ಕಥೆ ಹೇಳಿ ನಗುವುದರಲ್ಲೇ ಮುಳುಗಿದ್ದೆವು. ಅವಳ ಹಗ್ಗ ಹಿಡಿಯುವವರು ಯಾರೆಂದು ಒಬ್ಬ ಮುಠ್ಠಾಳನಿಗೂ ಹೊಳೆದಿರಲಿಲ್ಲ. ಸರಿ, ಶುರು ಮಾಡಿದೆವು. ಒಂದು, ಎರಡು, ಆಮೇಲೆ ಖಾಲಿ, ನಾಲ್ಕು. ನಾಚಿಕೆಯಿಂದ ಸಾಯುವ ಹಾಗಾಯಿತು ನನಗೆ.

ಮೆಟ್ಟಿಲಲ್ಲಿ ದಡದಡ ಸದ್ದು. ಕೆಜಾಯ ಬಂದಳು, ಮುಸುಕು ಹಿಂದಕ್ಕೆ ಎಸೆದು, ಗೌನಿನ ತೋಳು ಮಡಚುತ್ತಾ.

"ಕತ್ತೆಗಳಾ, ಮೂರನೇದಿಲ್ದೆ ಇದೆಂಥದ್ರೋ?"

"ಕೆಳಗೆ ನಿಂತು ಕೇಳ್ಬೇಕು ಅಂದಿದ್ಯಲ್ಲೇ!"

"ಕೇಳ್ದೆ. ನಾನಿಲ್ದೆ ಚೆನ್ನಾಗಿಲ್ಲ," ಅಂದು ಹಗ್ಗ ಹಿಡಿದಳು.

ಮುಕ್ಕಾಲು ತಾಸು ಬಾರಿಸಿದೆವು. ಅಷ್ಟು ಹೊತ್ತೂ ಸೆಪ್ಟಿಮಸ್ ಅವಳ ಹೂಗೊಂಚಲು ಹಿಡಿದುಕೊಂಡು ಅಂಗಳದಲ್ಲಿ ಒಬ್ಬನೇ ನಿಂತಿದ್ದನಂತೆ. ಜನ್ಮದಲ್ಲಿ ಮಾತೇ ಆಡದವನು ಬಂದವರನ್ನೆಲ್ಲ ತಡೆದು ನಿಲ್ಲಿಸಿ, "ಕೇಳಿ, ಕೇಳಿ, ಆ ಮೂರನೇದು ನನ್ನ ಹೆಂಡ್ತಿ" ಅನ್ನುತ್ತಿದ್ದನಂತೆ.