ತಕ್ಕಡಿಗೇರಿದ ಫಲಾಹಾರ

ನನಗೆ ಹದಿಮೂರು ತುಂಬಿದ ವರ್ಷ ನಮ್ಮ ಮನೆಯ ಚಹಾ ಕೆಟ್ಟದ್ದು ನನ್ನ ಮೈತೂಕದಿಂದ. ಹೀಗೆಂದರೆ ಈಗಿನವರು ನಗುತ್ತಾರೆ. ನಗಲಿ. ಆಗ ನಮ್ಮ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ. ಬೆಳಗಿನ ಸಪ್ಪನೆ ಚಹಾದ ಮೊದಲ ಗುಟುಕಿಗೆ ಅಪ್ಪ ಮುಖ ಕಿವುಚಿದಾಗ, ಒಲೆಯ ಮುಂದೆ ಕುಳಿತಿದ್ದ ನಾನು ಪರಕರವನ್ನು ಮೊಣಕಾಲ ಸುತ್ತ ಬಿಗಿಯಾಗಿ ಎಳೆದುಕೊಂಡು, ಆದಷ್ಟು ಸಣ್ಣಗೆ ಕಾಣಲು ನೋಡುತ್ತಿದ್ದೆ.

ಇದಕ್ಕೆಲ್ಲ ಮೂಲ ನಮ್ಮ ಆಯಿಯ ಹರಕೆ. ಆಯಿ ಎಂದರೆ ಅಪ್ಪನ ತಾಯಿ. ನಾನು ಮೂರು ವರ್ಷದವಳಿದ್ದಾಗ ಜ್ವರ ಬಂದು ಕೈಬಿಟ್ಟು ಹೋಗುವ ಹಾಗೆ ಆಗಿತ್ತಂತೆ. ಆಗ ಆಯಿ ಬಬಲೇಶ್ವರದ ಗುಡಿಗೆ ಹೋಗಿ, ಈ ಕೂಸು ಉಳಿದರೆ ತುಲಾಭಾರ ಮಾಡಿಸುತ್ತೇನೆ, ಇದರ ತೂಕದಷ್ಟು ಅರ್ಧ ಬೆಲ್ಲ, ಅರ್ಧ ಸಕ್ಕರೆ ತೂಗಿ ಬಂದ ಮಂದಿಗೆಲ್ಲ ಹಂಚುತ್ತೇನೆ ಎಂದು ಬೇಡಿಕೊಂಡು ಬಂದಳು. ನಾನು ಉಳಿದೆ. ಜ್ವರ ಬಿಟ್ಟಾಗ ಎಲುಬಿನ ಗೂಡಾಗಿದ್ದೆನಂತೆ. ಆವಾಗಲೇ ತೂಗಿದ್ದರೆ ಒಂದು ಸಣ್ಣ ಬುಟ್ಟಿಯಲ್ಲಿ ಮುಗಿದುಹೋಗುತ್ತಿತ್ತು. ಆದರೆ ಒಂದು ವರ್ಷ ಸೂತಕ ಬಂತು, ಒಂದು ವರ್ಷ ಅಂಗಡಿ ಕೆಲಸ ಬಂತು, ಮುಂದಿನ ವರ್ಷ ಮಾಡಿದರಾಯಿತು ಅನ್ನುತ್ತ ಹೋದರು. ನಾನು ಬೆಳೆಯುತ್ತ ಹೋದೆ. ಬರೀ ಉದ್ದಕ್ಕೆ ಬೆಳೆದಿದ್ದರೆ ಇಷ್ಟು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಅಷ್ಟರಲ್ಲಿ ಯುದ್ಧ ಬಂತು. ಅದು ಎಲ್ಲೋ ನಡೆಯುತ್ತಿತ್ತು, ಆದರೆ ವಿಜಾಪುರದಲ್ಲಿ ಸಕ್ಕರೆ ರೇಷನ್ನಿಗೆ ಬಿತ್ತು. ಸ್ಟೇಷನ್ ರಸ್ತೆಯಲ್ಲಿದ್ದ ನಮ್ಮ ಅಪ್ಪನ ಕಿರಾಣಿ ಅಂಗಡಿಗೇ ನಮ್ಮ ಓಣಿಯ ರೇಷನ್ ಹಂಚುವ ಕೆಲಸ ಬಂತು. ಮೊದಲು ಅಂಗಡಿಗೆ ಬಂದವರು ‘ಹೆಂಗದೀಯವಾ’ ಎಂದು ಗಲ್ಲ ಹಿಂಡುತ್ತಿದ್ದರು. ಈಗ ಸಕ್ಕರೆ ಪಾಳಿಯಲ್ಲಿ ನಿಂತವರು ನನ್ನನ್ನು ಮೇಲಿಂದ ಕೆಳಗೆ ನೋಡತೊಡಗಿದರು. ಒಂದು ದಿನ ಅಪ್ಪನಿಗೆ ಊಟದ ಬುತ್ತಿ ಒಯ್ದಾಗ, ಪಾಳಿಯಲ್ಲಿದ್ದ ಹಿಂದಿನ ಓಣಿಯ ಹೆಂಗಸೊಬ್ಬಳು ದನಿ ತಗ್ಗಿಸದೆಯೇ ಅಂದಳು: “ನಮ್ಮ ಪಾಲಿನ ಸಕ್ರಿ ಎಲ್ಲಿ ಹೋಗ್ಯಾದ ಅಂತ ಕೇಳತಿದ್ರೆಲ್ಲಾ, ಅಗಾ ನೋಡ್ರಿ, ನಡಕೋತ ಬರಾಕತ್ತದ.”

ಪಾಳಿಯೇ ನಕ್ಕಿತು. ಅಪ್ಪ ತಲೆ ಎತ್ತಲಿಲ್ಲ, ಸಕ್ಕರೆ ತೂಗುತ್ತಲೇ ಇದ್ದ. ಅವನ ಕಿವಿ ಕೆಂಪಗಾದದ್ದು ನನಗೆ ಕಂಡಿತು. ಬುತ್ತಿ ಗಂಟನ್ನು ಕಟ್ಟೆಯ ಮೇಲಿಟ್ಟು ಹಿಂತಿರುಗಿ ನಡೆದೆ. ಬೆನ್ನ ಮೇಲೆ ಅಷ್ಟೂ ಕಣ್ಣುಗಳಿದ್ದವು. ನನ್ನ ಬೆನ್ನು ಅಗಲವಾಗಿತ್ತು, ಎಲ್ಲರ ಕಣ್ಣಿಗೂ ಜಾಗ ಸಿಕ್ಕಿತು. ಅವತ್ತಿನಿಂದ ಬುತ್ತಿ ಒಯ್ಯುವ ಕೆಲಸ ಅವ್ವನದಾಯಿತು.

ಆಯಿಗೆ ಆ ವರ್ಷ ಎದೆನೋವು ಹಿಡಿಯಿತು. ತನ್ನ ಕಣ್ಣು ಮುಚ್ಚುವುದರೊಳಗೆ ಹರಕೆ ತೀರಬೇಕೆಂದು ಹಟ ಹಿಡಿದಳು. ಅಪ್ಪನಿಗೆ ಇಕ್ಕಟ್ಟಾಯಿತು. ರೇಷನ್ ಅಂಗಡಿಯವನು ಊರ ಮಂದಿಯ ಮುಂದೆ ಸಕ್ಕರೆ ಸುರಿದು ಮಗಳನ್ನು ತೂಗಿದರೆ, ಕಳ್ಳ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ? ಅಂಗಡಿಯ ಒಂದು ಕಾಳು ಮುಟ್ಟುವುದಿಲ್ಲ, ನಮ್ಮ ಮನೆಯ ಪಾಲಿಗೆ ಬಂದದ್ದನ್ನೇ ಉಳಿಸಿ ತೂಗುತ್ತೇನೆ ಎಂದ. ಬೆಲ್ಲದ ಚಿಂತೆ ಇರಲಿಲ್ಲ. ಅವ್ವನ ತಮ್ಮನಿಗೆ, ಅಂದರೆ ನನ್ನ ಸೋದರಮಾವನಿಗೆ, ಟಿಕೋಟಾದಲ್ಲಿ ಬಾವಿ ನೀರಿನ ತೋಟವಿತ್ತು, ತುಸು ಕಬ್ಬೂ ಇತ್ತು. ಸಕ್ಕರೆಯದೇ ಪಂಚಾಯತಿ. ದೇವರ ಮನೆಯಲ್ಲಿ ಒಂದು ಹಿತ್ತಾಳೆ ಕೊಡ ಇಟ್ಟರು. ಬಂದ ಸಕ್ಕರೆಯೆಲ್ಲ ಅದಕ್ಕೆ ಹೋಯಿತು. ಮನೆಯಲ್ಲಿ ಎಲ್ಲರ ಚಹಾ ಸಪ್ಪಗಾಯಿತು. ಹಬ್ಬಕ್ಕೆ ಸಜ್ಜಕವಿಲ್ಲ, ಬಂದ ಬೀಗರಿಗೆ ಉಪ್ಪಿಟ್ಟಷ್ಟೇ. ಕೊಡ ತುಂಬುವ ಗತಿ ನೋಡಿದರೆ ನಾನು ಇಳಿಯಲೇಬೇಕಿತ್ತು.

ನನ್ನನ್ನು ಉಪವಾಸ ಕೆಡವಲು ಆಯಿಗೆ ಮನಸ್ಸಿಲ್ಲ. ಅವಳೇ ದಾರಿ ಹುಡುಕಿದಳು. “ಶ್ರಾವಣ ಸ್ವಾಮಾರ ಮಾಡಿದಂಗ ಮಾಡ್ಲಿ. ರೊಟ್ಟಿ ಬ್ಯಾಡ, ಅನ್ನ ಬ್ಯಾಡ, ಸಕ್ರಿ ಬೆಲ್ಲ ಅಂತೂ ಬ್ಯಾಡೇ ಬ್ಯಾಡ. ಬರೇ ಹಣ್ಣು ಹಾಲು. ಫಲಾಹಾರ ಅಂದ್ರ ಉಪವಾಸನ, ಉಪವಾಸ ಮಾಡಿದ್ರ ಮೈ ಇಳೀಲಿಕ್ಕೇ ಬೇಕು.”

ಇದರಲ್ಲಿ ತಪ್ಪಿದೆ ಎಂದು ನಮಗ್ಯಾರಿಗೂ ಅನ್ನಿಸಲಿಲ್ಲ. ಉಪವಾಸದ ಸೋಮವಾರ ಹೊಟ್ಟೆ ಬಿರಿಯುವಷ್ಟು ಬಾಳೆಹಣ್ಣು ತಿಂದು, ಮೇಲೆ ಒಂದು ತಂಬಿಗೆ ಹಾಲು ಕುಡಿದು ‘ಇವತ್ತು ಏನೂ ತಿಂದಿಲ್ಲ’ ಎಂದು ಹೇಳುವ ಮಂದಿ ನಾವು. ಸುಳ್ಳು ಹೇಳುತ್ತಿರಲಿಲ್ಲ, ಮನಸಾರೆ ಹಾಗೇ ನಂಬಿದ್ದೆವು. ಫಲಾಹಾರ ದೇವರ ಲೆಕ್ಕಕ್ಕೆ ಬರುವುದಿಲ್ಲವೆಂದ ಮೇಲೆ ಮೈಯ ಲೆಕ್ಕಕ್ಕಾದರೂ ಯಾಕೆ ಬಂದೀತು?

ಶ್ರಾವಣಕ್ಕೆ ನನ್ನನ್ನು ಟಿಕೋಟಾಕ್ಕೆ ಕಳಿಸಿದರು. ಮಾವ ಪಾಪ, ಅಕ್ಕನ ಮಗಳು ಅನ್ನ ಬಿಟ್ಟಿದ್ದಾಳೆಂದು ಕರಗಿಹೋದ. ಬೆಳಿಗ್ಗೆ ಬಾಳೆಹಣ್ಣಿನ ಚಿಪ್ಪು ತಂದು ಮುಂದಿಡುತ್ತಿದ್ದ. ಮಧ್ಯಾಹ್ನ ಅತ್ತೆ ಬಾಳೆಹಣ್ಣು ಹಿಚುಕಿ, ಹಾಲು ಹಾಕಿ, ಏಲಕ್ಕಿ ಪುಡಿ ಉದುರಿಸಿ ಸೀಕರಣಿ ಮಾಡುತ್ತಿದ್ದಳು. “ಒಂದ ಹಳಕ ಸಕ್ರಿ ಹಾಕಿಲ್ಲವಾ, ಹಣ್ಣ ಸೀ ಅದಾವು” ಎಂದು ಹೇಳಿಯೇ ಬಡಿಸುತ್ತಿದ್ದಳು. ಸಂಜೆ ನೆನೆಸಿದ ಉತ್ತತ್ತಿ. ಮಳೆ ಹಿಂದೆ ಸರಿಯುತ್ತಲೇ ಬದುವಿನ ಸೀತಾಫಲ ಶುರುವಾದವು. ಕಣ್ಣು ಬಿಟ್ಟ ಸೀತಾಫಲವನ್ನು ಹುಲ್ಲಿನಲ್ಲಿ ಹುಗಿದಿಟ್ಟು ಮೆತ್ತಗಾಗುತ್ತಲೇ ತಿನ್ನುವ ಸುಖ ಏನೆಂದು ಹೇಳಲಿ. ಪೇರಲ ಹಣ್ಣಿದ್ದರೂ ಅದನ್ನು ನಾನು ಮುಟ್ಟುತ್ತಿರಲಿಲ್ಲ. ಅಗಿಯಬೇಕು, ಬೀಜ ಹಲ್ಲಿಗೆ ಸಿಗುತ್ತವೆ, ಒಂದೆರಡಕ್ಕೇ ಸಾಕಾಗುತ್ತದೆ.

ಹಾಸಿಗೆಯಲ್ಲಿ ಮಲಗಿ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಇಳಿದಿದೆ ಎಂದೇ ಅನ್ನಿಸುತ್ತಿತ್ತು. ಸಕ್ಕರೆಯ ಒಂದು ಹರಳೂ ನಾಲಿಗೆಗೆ ಹತ್ತಿರಲಿಲ್ಲ. ಆ ಹೆಮ್ಮೆಯಲ್ಲೇ ದಸರೆಗೆ ವಿಜಾಪುರಕ್ಕೆ ಬಂದೆ.

ಮಧ್ಯಾಹ್ನ ಅಂಗಡಿ ಮುಚ್ಚಿದ ಹೊತ್ತಿಗೆ ಅಪ್ಪ ನನ್ನನ್ನು ಒಳಗೆ ಕರೆದು ಕಾಳಿನ ಚೀಲ ತೂಗುವ ದೊಡ್ಡ ತಕ್ಕಡಿಯಲ್ಲಿ ಕೂರಿಸಿದ. ಶ್ರಾವಣಕ್ಕೆ ಮೊದಲು ತೂಗಿದಾಗ ಬಂದಿದ್ದ ತೂಕದಷ್ಟು ಕಲ್ಲು ಹಾಕಿದ. ನಾನಿದ್ದ ತಟ್ಟೆ ನೆಲ ಬಿಡಲಿಲ್ಲ. ಇನ್ನೊಂದು ಕಲ್ಲು ಹಾಕಿದ. ಬಿಡಲಿಲ್ಲ. ಮತ್ತೊಂದು ಹಾಕಿದ ಮೇಲೆ ಎದ್ದಿತು. ಬಾಗಿಲಲ್ಲಿ ನಿಂತಿದ್ದ ಅವ್ವ ಬಾಯಿಗೆ ಸೆರಗು ಹಿಡಿದಳು. ನಾನು ಆ ತಟ್ಟೆಯಲ್ಲಿ ಜೋಳದ ಚೀಲದಂತೆ ಕುಳಿತೇ ಇದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಪ್ಪ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಕೇಳಿದ: “ಖರೇ ಹೇಳವಾ. ಸಕ್ರಿ ಏನರ ತಿಂದಿಯೇನು?”

“ಇಲ್ಲಪ್ಪಾ, ನಿನ್ನಾಣಿಗೂ ಇಲ್ಲ.”

ಅವನು ಕಲ್ಲುಗಳನ್ನು ಇಳಿಸಿಟ್ಟ. ಮನೆಗೆ ನಡೆದ, ದೇವರ ಮನೆಗೆ ಹೋದ, ಹಿತ್ತಾಳೆ ಕೊಡದ ಮುಚ್ಚಳ ತೆಗೆದು ಒಳಗೆ ಇಣುಕಿದ. ಟಿಕೋಟಾಕ್ಕೆ ಹೋಗುವಾಗ ನಾನು ಒಯ್ದಿರಬಹುದೆಂಬ ಸಂಶಯವಿರಬೇಕು, ಒಮ್ಮೆ ಕೈ ಹಾಕಿ ಮಟ್ಟ ನೋಡಿದ. ಅವನ ಹಿಂದೆಯೇ ಬಂದಿದ್ದ ನಾನು ಹೊಸ್ತಿಲಲ್ಲಿ ನಿಂತು ಅದನ್ನು ನೋಡಿದೆ. ಪಾಳಿಯ ಮಂದಿ ನಕ್ಕದ್ದು ಮೈಗೆ ತಾಗಿತ್ತು, ಇದು ಒಳಗೆ ಹೋಗಿ ಕುಳಿತಿತು. ದಿನಾ ಕಳ್ಳನೆನ್ನಿಸಿಕೊಳ್ಳುತ್ತಿದ್ದವನು ನನ್ನನ್ನು ಕಳ್ಳಿ ಎಂದುಕೊಂಡಿದ್ದ. ಅಳುವುದಕ್ಕೂ ನಾಚಿಕೆಯಾಯಿತು, ಅತ್ತರೆ ಖರೇ ಕದ್ದಿದ್ದೇನೆಂದೇ ತಿಳಿದಾರು ಎಂದು.

ಆಯಿಗೆ ಮಾತ್ರ ಬೇರೆ ಹೆದರಿಕೆ. ಉಪವಾಸವಿದ್ದು ಮೈ ಬಂದಿದೆ ಎಂದರೆ ಇದು ಬಾವೇ ಸೈ ಎಂದು, ಗೋಳಗುಮ್ಮಟದ ಕಡೆ ಮನೆಯಲ್ಲೇ ಔಷಧ ಕೊಡುತ್ತಿದ್ದ ಡಾಕ್ಟರರ ಹತ್ತಿರ ಎಳೆದುಕೊಂಡು ಹೋದಳು. ಅಪ್ಪನೂ ಬಂದ. ಡಾಕ್ಟರರು ಕಾಲು ಒತ್ತಿ ನೋಡಿ, ಬಾವಿಲ್ಲವೆಂದು ಹೇಳಿ, ದಿನಾ ಏನೇನು ತಿನ್ನುತ್ತೀ ಎಂದು ಕೇಳಿದರು. ನಾನು ಹೇಳುತ್ತ ಹೋದಂತೆ ಅವರ ಹುಬ್ಬು ಮೇಲೇರುತ್ತ ಹೋದವು.

“ಆಯಿ, ಹಣ್ಣ ಯಾಕ ಸೀ ಇರ್ತದ ಹೇಳ್ರಿ?” ಎಂದರು. “ಅದರಾಗೂ ಸಕ್ರಿ ಅದರಿ. ಗಿರಣಿಯೊಳಗ ಮಾಡಿದ್ದಲ್ಲ, ಗಿಡದಾಗ ಆದದ್ದು. ಹಣ್ಣ ಕೆಟ್ಟದ್ದಂತ ನಾ ಅನ್ನೂದಿಲ್ಲ. ಅದರಾಗ ನಾರು ಅದ, ನೀರು ಅದ, ಅಗದು ತಿಂದ್ರ ಹೊಟ್ಟಿ ಲಗೂನ ತುಂಬತದ. ಆದ್ರ ಈಕಿ ಹಿಚುಕಿ, ಹಾಲ ಹಾಕಿ, ಉತ್ತತ್ತಿ ಕೂಡಿಸಿ ತಿಂದಾಳ. ಇದಕ್ಕ ಉಪವಾಸ ಅಂತಾರೇನ್ರಿ?”

ಆಯಿಗೆ ಸಿಟ್ಟು ಬಂತು. “ಹಂಗಾದ್ರ ನಾ ಹುಟ್ಟಿದಾಗಿಂದ ಮಾಡಿದ ಸ್ವಾಮಾರೆಲ್ಲಾ ನೀರಾಗ ಹೋದೂ ಏನೋ ಯಪ್ಪಾ?”

“ಅದನ್ನ ದೇವರ ನೋಡ್ಕೋತಾನ್ರಿ, ನಾ ತೂಕದ ಮಾತಷ್ಟ ಹೇಳಿದೆ” ಎಂದು ಡಾಕ್ಟರರು ನಕ್ಕರು. ಜೋಳದ ರೊಟ್ಟಿ, ಪಲ್ಯ, ಮಜ್ಜಿಗೆ ಹಸಿವಿದ್ದಷ್ಟು ತಿನ್ನಲಿ. ಸೀ ತಿನ್ನಬೇಕೆನ್ನಿಸಿದಾಗ ಒಂದು ಪೇರಲ ಹಣ್ಣು ಸಿಪ್ಪೆ ಸಮೇತ ಅಗಿದು ತಿನ್ನಲಿ. ದಿನಾ ನಡೆಯಲಿ. ಬೆಳೆಯುವ ಹುಡುಗಿ, ಬಹಳ ಇಳಿಸಲು ಹೋಗಬೇಡಿರಿ. ಇಷ್ಟೇ ಅವರು ಹೇಳಿದ್ದು. ಔಷಧ ಕೊಡಲಿಲ್ಲವೆಂದು ಆಯಿ ದಾರಿಯುದ್ದಕ್ಕೂ ಗೊಣಗಿದಳು. ಅಪ್ಪ ಮುಂದೆ ಮುಂದೆ ನಡೆದ. ನಾನು ಸಕ್ಕರೆ ಕದ್ದಿರಲಿಲ್ಲ ಎಂದು ಈಗ ಅವನಿಗೆ ಗೊತ್ತಾಗಿತ್ತು. ‘ನಿನ್ನ ಮೇಲೆ ಸಂಶಯಪಟ್ಟೆ’ ಎಂದು ಒಂದು ಮಾತು ಹೇಳುತ್ತಾನೆಂದು ಮನೆ ಮುಟ್ಟುವ ತನಕ ಕಾದೆ. ಹೇಳಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ತುಸು ಇಳಿದೆ. ಅಪ್ಪ ಮತ್ತೆ ತೂಗಿ, ಕೊಡದ ಸಕ್ಕರೆ ಸರಿಹೋಗುತ್ತದೆಂದ. ಚಕ್ಕಡಿ ಕಟ್ಟಿಕೊಂಡು ಬಬಲೇಶ್ವರಕ್ಕೆ ಹೋದೆವು. ಮಾವ ಟಿಕೋಟಾದಿಂದ ಬೆಲ್ಲದ ಪೆಂಟಿಗಳನ್ನೂ ಒಂದು ಹೆಡಿಗೆ ಬಾಳೆಹಣ್ಣು, ಪೇರಲವನ್ನೂ ತಂದಿದ್ದ. ಗುಡಿಯ ಅಂಗಳದಲ್ಲಿ ತಕ್ಕಡಿ ಕಟ್ಟಿದ್ದರು. ಸಕ್ಕರೆ ಹಂಚುತ್ತಾರಂತೆ ಎಂಬ ಸುದ್ದಿಗೆ ಆ ಕಾಲದಲ್ಲಿ ಮಂದಿ ಸೇರದೆ ಇರುತ್ತಾರೆಯೇ? ನೋಡಿದರೆ ನಮ್ಮ ಹಿಂದಿನ ಓಣಿಯ ಆ ಹೆಂಗಸೂ ಇದ್ದಳು, ಅವಳ ತವರುಮನೆ ಅದೇ ಊರಂತೆ. ನಾನು ಅವ್ವನ ಬೆನ್ನ ಹಿಂದೆ ಸರಿದೆ.

ತೂಗುವ ಮೊದಲು ಹುಡುಗಿಗೆ ಉಡಿ ತುಂಬಬೇಕೆಂದಳು ಆಯಿ. ಇಳಕಲ್ ಸೀರೆ ಉಡಿಸಿ, ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅಡಿಕೆ ಎಲ್ಲ ಮಡಿಲಿಗೆ ಹಾಕಿದರು. ಉಡಿ ತುಂಬಿದ ಮೇಲೆ ಅದನ್ನು ಇಳಿಸುವ ಹಾಗಿಲ್ಲ. ಅಪ್ಪನ ಲೆಕ್ಕದಲ್ಲಿ ಇದು ಇರಲಿಲ್ಲ. ನನ್ನನ್ನು ಒಂದು ತಟ್ಟೆಯಲ್ಲಿ ಕೂರಿಸಿ ಇನ್ನೊಂದರಲ್ಲಿ ಬೆಲ್ಲ ಇಟ್ಟರು, ಕೊಡ ಬಗ್ಗಿಸಿ ಹಾಸಿದ ಧೋತರದ ಮೇಲೆ ಸಕ್ಕರೆ ಸುರಿದರು, ಕೊಡದ ತಳ ತಟ್ಟಿದರು. ನಾನು ನೆಲದ ಮೇಲೇ ಇದ್ದೆ. ಮಂದಿಯಲ್ಲಿ ಕಿಸಿಕಿಸಿ ಶುರುವಾಯಿತು. ನಾನು ಕಣ್ಣು ಮುಚ್ಚಿಕೊಂಡೆ.

“ಹಣ್ಣ ಹಾಕ್ರಿ” ಎಂದಿತು ಆಯಿಯ ದನಿ.

“ಹರಕಿ ಸಕ್ರೀದು ಅಲ್ಲೇನಬೇ?” ಎಂದರು ಪೂಜಾರಿಗಳು.

“ಅದರಾಗೂ ಸಕ್ರೀನ ಅದ ಅಂತ ಡಾಕ್ಟರ ಹೇಳ್ಯಾರ. ಗಿಡದಾಗ ಆದದ್ದು. ಅದಕ್ಕ ರೇಷನ್ ಇಲ್ಲ. ಹಾಕ್ರಿ.”

ಮಾವ ಹೆಡಿಗೆಯನ್ನೇ ಎತ್ತಿಟ್ಟ. ನನ್ನ ತಟ್ಟೆ ನೆಲ ಬಿಟ್ಟು ಅಲುಗಾಡಿತು. ಆಯಿ ಕೈ ಮುಗಿದಳು, ಅವಳ ಮುಖದಲ್ಲಿ ಅಂಥ ಸಮಾಧಾನ ನಾನು ಹಿಂದೆ ನೋಡಿರಲಿಲ್ಲ.

ಆಗ ಅಪ್ಪ, ಎಂದೂ ಮಂದಿಯ ಮುಂದೆ ಮಾತಾಡದ ನನ್ನ ಅಪ್ಪ, ದನಿ ಎತ್ತಿದ. “ಇದು ನಮ್ಮ ಮನಿ ಮಂದಿ ಬಾಯಾಗಿಂದ ಉಳಿಸಿದ ಸಕ್ರಿರಿ. ಅಂಗಡೀದು ಒಂದ ಕಾಳಿಲ್ಲ. ನನ್ನ ಮಗಳಂತೂ ಒಂದ ಹಳಕ ಬಾಯಿಗೆ ಹಾಕಿಲ್ಲ. ಈ ಗುಡಿ ಮುಂದ ನಿಂತ ಹೇಳಾಕತ್ತೇನಿ.”

ರೂಢಿಯಂತೆ ನಾನೇ ನನ್ನ ಕೈಯಿಂದ ಎಲ್ಲರಿಗೂ ಬೆಲ್ಲ, ಸಕ್ಕರೆ, ಹಣ್ಣು ಹಂಚಿದೆ. ಆ ಹೆಂಗಸಿನ ಸರದಿ ಬಂತು. ಅವಳು ಅಂಗೈಯಲ್ಲಿ ಸಕ್ಕರೆ ಇಸಿದುಕೊಂಡು, ಹಣೆಗೆ ಮುಟ್ಟಿಸಿ, ಪಕ್ಕದವಳಿಗೆ ಅಂದಳು: “ಅಂತೂ ನಮ್ಮ ಸಕ್ರಿ ನಮಗ ಬಂತ ನೋಡಬೇ.”

ಈ ಸಲ ಮಂದಿ ಅವತ್ತು ಪಾಳಿಯಲ್ಲಿ ನಕ್ಕದ್ದಕ್ಕಿಂತ ಜೋರಾಗಿ ನಕ್ಕರು. ನಾನು ಅಪ್ಪನನ್ನು ನೋಡಿದೆ. ಅವನು ಖಾಲಿ ಕೊಡ ಹಿಡಿದುಕೊಂಡು ನಿಂತಿದ್ದ. ದೇವರ ಮುಂದೆ ಖರೇ ಹೇಳಿದ್ದ, ಯಾರೂ ನಂಬಿರಲಿಲ್ಲ.

ತಿರುಗಿ ಬರುವಾಗ ಆಯಿ ಚಕ್ಕಡಿಯಲ್ಲಿ ನಿದ್ದೆ ಹೋದಳು, ಅವ್ವ ಅವಳ ತಲೆ ಹಿಡಿದು ಕುಳಿತಿದ್ದಳು. ನಾನೂ ಅಪ್ಪನೂ ಹಿಂದೆ ಕಾಲು ಇಳಿಬಿಟ್ಟು ಕುಳಿತಿದ್ದೆವು. ಊರು ಹಿಂದೆ ಬಿದ್ದ ಮೇಲೆ ಅವನು ದಾರಿಯ ಕಡೆ ನೋಡುತ್ತಲೇ ಅಂದ: “ಅವತ್ತ ಕೊಡದ ಮುಚ್ಚಳಾ ತಗದ ನೋಡಬಾರದಾಗಿತ್ತ ನಾನು.”

ಈ ಮಾತಿಗೆ ನಾನು ದಸರೆಯಿಂದ ಕಾದಿದ್ದೆ. ಅವನು ಹೇಳಿದಾಗ ಸಮಾಧಾನವಾಗುತ್ತದೆಂದು ತಿಳಿದಿದ್ದೆ. ಆಗಲಿಲ್ಲ. ಅಪ್ಪ ನನ್ನ ಮುಂದೆ ತಲೆ ತಗ್ಗಿಸಿ ಕುಳಿತದ್ದನ್ನು ನೋಡಿ, ಆ ತಕ್ಕಡಿಯಲ್ಲಿ ಕುಳಿತಾಗಲೂ ಆಗದಷ್ಟು ನಾಚಿಕೆಯಾಯಿತು. ಉಡಿಯಲ್ಲಿ ಮಾವ ಹಾಕಿದ್ದ ಒಂದು ಪೇರಲ ಹಣ್ಣಿತ್ತು. ಅದನ್ನು ಒಡೆದು ಅರ್ಧ ಅವನ ಕೈಗಿಟ್ಟೆ. ಅಪ್ಪ ಅದನ್ನು ಸಿಪ್ಪೆ ಸಮೇತ, ಬೀಜ ಸಮೇತ ಅಗಿದು ತಿಂದ. ನನ್ನ ಕಡೆ ಮಾತ್ರ ತಿರುಗಲಿಲ್ಲ.