ಬೇಲಿಯಾಚೆ ಉಳಿದ ಮಾತೆ

ಇತಾ ಕುರುಸು ಎಂಬ ಹಳ್ಳಿಯಲ್ಲಿ ಮದುವೆಯಾಗಿ ಸ್ವಂತ ಒಲೆ ಹಚ್ಚಿದ ಹೆಂಗಸಿನ ಹೆಸರಿಗೆ ಊರು ಗೌರವದಿಂದ ‘ಞಾ’ ಸೇರಿಸಿ ಕರೆಯುತ್ತದೆ. ಕಸಿಲ್ಡಾಗೆ ಆ ಗೌರವ ಸಿಕ್ಕಿದ್ದು ಪಕ್ಕದ ಮನೆಯ ಪೆರ್ಪೆತುವಾಗಿಂತ ಎರಡು ತಿಂಗಳು ತಡವಾಗಿ. ಆಮೇಲೆ ಇಬ್ಬರಿಗೂ ಮೊಮ್ಮಕ್ಕಳಾದರು, ಇಬ್ಬರ ತಲೆಯೂ ನರೆಯಿತು. ಆ ಎರಡು ತಿಂಗಳನ್ನು ಮಾತ್ರ ಞಾ ಕಸಿಲ್ಡಾ ಇನ್ನೂ ಕ್ಷಮಿಸಿರಲಿಲ್ಲ.

ಅದೊಂದೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಎಳೆಯರಾಗಿದ್ದಾಗ ಕ್ರಿಸ್‌ಮಸ್ ಗೋದಲಿಯ ಆಟದಲ್ಲಿ ಪೆರ್ಪೆತುವಾಗೆ ದೇವದೂತೆಯ ರೆಕ್ಕೆ ಸಿಕ್ಕಿತ್ತು, ಕಸಿಲ್ಡಾಗೆ ಕುರಿಯ ತೊಗಲು. ಪೆರ್ಪೆತುವಾಳನ್ನು ಕೈಹಿಡಿದವನು ಒಂದು ಜೋಡಿ ಎತ್ತಿನೊಂದಿಗೆ ಬಂದ. ಕಸಿಲ್ಡಾಳ ಎಲಾದಿಯೊ ಬಂದದ್ದು ಒಂದು ತಂತಿ ಕಿತ್ತ ಗಿಟಾರಿನೊಂದಿಗೆ. ಪೆರ್ಪೆತುವಾಳ ಅಂಗಳದ ಹಾಳು ನಿಂಬೆಗಿಡ ಬೇಲಿ ದಾಟಿ ಈಚೆ ಕೊಂಬೆ ಚಾಚಿತ್ತು, ಆದರೆ ಕಾಯಿ ಬಿಡುತ್ತಿದ್ದದ್ದು ಆಚೆ ಕಡೆ. ಇಷ್ಟಾಗಿಯೂ ಹಿರಿಮಗಳ ಜ್ಞಾನಸ್ನಾನಕ್ಕೆ ಕಸಿಲ್ಡಾ ಪೆರ್ಪೆತುವಾಳನ್ನೇ ಧರ್ಮಮಾತೆಯಾಗಿ ನಿಲ್ಲಿಸಿದಳು. ಶತ್ರುವನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕೆಂಬುದು ದೊಡ್ಡ ದೊಡ್ಡ ದಂಡನಾಯಕರ ನೀತಿ. ಅಂದಿನಿಂದ ಅವರು ಒಬ್ಬರಿಗೊಬ್ಬರು ‘ಕೊಮಾದ್ರೆ’. ಹೆತ್ತವಳೂ ಧರ್ಮಮಾತೆಯೂ ಒಬ್ಬರನ್ನೊಬ್ಬರು ಕರೆಯುವ ಆ ಹೆಸರಿನಲ್ಲಿ ಎಷ್ಟು ಜೇನಿತ್ತೋ ಅಷ್ಟೇ ಮುಳ್ಳೂ ಇತ್ತು.

ಒಂದು ವಿಷಯದಲ್ಲಿ ಮಾತ್ರ ಞಾ ಕಸಿಲ್ಡಾ ಸಾಮ್ರಾಜ್ಞಿ. ಮರಗೆಣಸಿನ ಹಿಟ್ಟಿಗೆ ಚೀಸು, ಮೊಟ್ಟೆ, ಸೋಂಪು ಹಾಕಿ ಕಲಸಿ, ಬಳೆಯ ಹಾಗೆ ತಿರುವಿ, ಮಣ್ಣಿನ ಗೂಡೊಲೆಯಲ್ಲಿ ಅವಳು ಬೇಯಿಸುತ್ತಿದ್ದ ಚಿಪಾಕ್ಕೆ ಸುತ್ತಮುತ್ತ ಸಾಟಿ ಇರಲಿಲ್ಲ. ಅವಳಮ್ಮನೂ ಅದನ್ನೇ ಮಾಡಿ ಮಕ್ಕಳನ್ನು ಸಾಕಿದ್ದಳು. ಬುಟ್ಟಿ ತಲೆಯ ಮೇಲಿಟ್ಟುಕೊಂಡು ಅವಳು ಹೆದ್ದಾರಿಗೆ ಬಂದರೆ ಬಸ್ಸು ತಾನಾಗಿ ನಿಲ್ಲುತ್ತಿತ್ತು. “ಞಾ ಪೆರ್ಪೆತುವಾ ಕೂಡ ಚೆನ್ನಾಗೇ ಮಾಡ್ತಾರೆ” ಎಂದು ಯಾರಾದರೂ ಬಾಯಿತಪ್ಪಿ ಅಂದರೆ ಮಾತ್ರ ಅಂದಿನ ಹಿಟ್ಟು ಗುದ್ದಿಸಿಕೊಂಡೇ ನುಣ್ಣಗಾಗುತ್ತಿತ್ತು.

ಇನ್ನು ಮಾತೆಯ ಪೆಟ್ಟಿಗೆಯ ಕಥೆ.

ಅದು ಕೋಳಿಗೂಡಿನಷ್ಟು ಎತ್ತರದ ಮರದ ಗುಡಿ. ಗಾಜಿನ ಬಾಗಿಲ ಹಿಂದೆ ನೀಲಿ ಮೇಲಂಗಿಯ ಪುಟ್ಟ ಮಾತೆ ಮರಿಯ. ಪ್ರತಿ ಮನೆಯಲ್ಲೂ ಒಂದು ಹಗಲು ಒಂದು ರಾತ್ರಿ ತಂಗಿ, ಸಂಜೆಯ ಜಪಮಾಲೆ ಮುಗಿದ ಮೇಲೆ ಮುಂದಿನ ಮನೆಗೆ ಹೋಗುತ್ತಾಳೆ. ಮುಂದಿನ ಮನೆಯವರು ಬಂದು, ಸ್ವಾಗತದ ಹಾಡು ಹಾಡಿ, ತಮ್ಮ ಕೈಯಾರೆ ಹೊತ್ತೊಯ್ಯಬೇಕು. ಸರದಿ ತಪ್ಪುವಂತಿಲ್ಲ. ಹಿಂದೊಮ್ಮೆ ಒಂದು ಮನೆ ಬಿಟ್ಟು ಹೋದ ವರ್ಷ ಆಲಿಕಲ್ಲು ಬಿದ್ದು ಇಡೀ ಊರಿನ ಮರಗೆಣಸು ಮಲಗಿತ್ತಂತೆ. ಸರದಿಯಲ್ಲಿ ಞಾ ಪೆರ್ಪೆತುವಾ ಮುಗಿದ ಮೇಲೆ ಞಾ ಕಸಿಲ್ಡಾ, ಅವಳಾದ ಮೇಲೆ ಮೂಲೆಮನೆಯ ಞಾ ಬೆನಿಗ್ನಾ.

ಆ ವರ್ಷ ಪೆಟ್ಟಿಗೆ ಪೆರ್ಪೆತುವಾಳ ಮನೆಗೆ ಬಂದಾಗ ಅಲ್ಲಿನ ಹೂವಿನ ಕಮಾನು, ಹೊಸ ಕಸೂತಿಬಟ್ಟೆ, ಬಣ್ಣದ ದೀಪ ನೋಡಿ ಕಸಿಲ್ಡಾಗೆ ತನ್ನ ಮನೆಯ ಗೋಡೆ ನೆನಪಾಯಿತು. ಬಾಣಲೆಯ ತಳ ಅದಕ್ಕಿಂತ ಬೆಳ್ಳಗಿತ್ತು.

“ಕೊಮಾದ್ರೆ, ಇನ್ನೊಂದು ದಿನ ನಿಮ್ಮಲ್ಲೇ ಇರ್ಲಿ. ಗೋಡೆಗೆ ಸುಣ್ಣ ಹೊಡ್ದು ಕರ್ಕೊಂಡೋಗ್ತೀನಿ” ಅಂದಳು.

“ಒಂದೇನು, ಎಷ್ಟು ದಿನ ಬೇಕಾದ್ರೂ ಇರ್ಲಿ ಬಿಡಿ” ಎಂದಳು ಪೆರ್ಪೆತುವಾ.

ಆಕಾಶದಲ್ಲಿ ಯಾವುದೋ ದೇವದೂತ ಆ ಮಾತಿಗೆ ತಥಾಸ್ತು ಅಂದಿರಬೇಕು. ಮರುದಿನ ಸುಣ್ಣ ಇನ್ನೂ ಹಸಿಯಿದ್ದಾಗಲೇ ರೇಡಿಯೋದಲ್ಲಿ ಬಂತು: ರೋಗ ಬಂದಿದೆ, ಯಾರೂ ಮನೆ ಬಿಟ್ಟು ಹೊರಗೆ ಬರಬಾರದು. ಹಿಂದೆಯೇ ಪಾದ್ರಿ ಮೆಲಿತೊನ್ ಅವರ ಧ್ವನಿ: ಚರ್ಚು ಮುಚ್ಚಿದೆ, ಮಾತೆಯ ಪೆಟ್ಟಿಗೆ ಎಲ್ಲಿದೆಯೋ ಅಲ್ಲೇ ಇರಲಿ, ಮನೆಯಿಂದ ಮನೆಗೆ ಏನೂ ಹೋಗುವುದು ಬೇಡ.

ಕಸಿಲ್ಡಾ ಸುಣ್ಣದ ಕುಂಚ ಹಿಡಿದು ನಿಂತೇ ಇದ್ದಳು. ಜಗತ್ತಿನ ಸೋಂಕಿನ ಚರಿತ್ರೆಯಲ್ಲಿ ಇಷ್ಟು ಬೆಳ್ಳಗಿನ ಗೋಡೆಯೂ ಇಷ್ಟು ಕಪ್ಪಗಿನ ಮುಖವೂ ಒಂದೇ ಕಡೆ ಸೇರಿರಲಾರವು.

ತಿಂಗಳುಗಳು ಕಳೆದವು. ಬಸ್ಸಿಲ್ಲ, ಬುಟ್ಟಿ ಇಳಿಯಿತು. ಒಂದೇ ನಳಿಗೆಯಲ್ಲಿ ಸುತ್ತು ಕೂತು ತೆರೆರೆ ಎಂಬ ತಣ್ಣನೆಯ ಎಲೆಪಾನಕ ಹೀರುತ್ತಿದ್ದ ಊರು ಈಗ ಒಬ್ಬೊಬ್ಬರೇ ತಮ್ಮ ತಮ್ಮ ಲೋಟ ಹಿಡಿದು, ಜಗಳವಾಡಿದವರ ಹಾಗೆ ದೂರ ದೂರ ಕೂತಿತು. ಪೆರ್ಪೆತುವಾ ಮಾತ್ರ ಬೆಳೆಯುತ್ತ ಹೋದಳು. ಮಾತೆಯ ಮುಂದೆ ಫೋನು ನಿಲ್ಲಿಸಿ ದಿನಾ ಸಂಜೆ ಜಪಮಾಲೆ ಹೇಳಿಸತೊಡಗಿದಳು. ಇಡೀ ಊರು ಫೋನಿನಲ್ಲಿ ಸೇರಿತು. ಬ್ಯೂನಸ್ ಐರಿಸ್‌ನಲ್ಲಿ ಮನೆಗೆಲಸಕ್ಕಿದ್ದ ಸೊಸೆಯಂದಿರು, ಅವರ ಯಜಮಾನತಿಯರು ಕೂಡ. ಕಸಿಲ್ಡಾ ಒಂದು ದಿನವೂ ಹೃದಯದ ಗುರುತು ಒತ್ತಲಿಲ್ಲ, ಒಂದು ದಿನವೂ ತಪ್ಪಿಸಲಿಲ್ಲ.

“ನೋಡಿ, ನೋಡಿ, ಮಾತೆಗೆ ಹೊಸ ಮೇಲಂಗಿ ಹೊಲ್ದಿದಾಳೆ” ಎಂದು ಗಂಡನಿಗೆ ತೋರಿಸಿದಳು. “ತನ್ನ ಮನೆ ಗೊಂಬೆ ಅಂದ್ಕೊಂಡಿದಾಳೆ.”

“ಚೆನ್ನಾಗಿದೆಯಲ್ಲೇ” ಎಂದ ಎಲಾದಿಯೊ. ಗಂಡಸಿನ ಬುದ್ಧಿಗೆ ಇಷ್ಟೇ ನಿಲುಕುವುದು.

ಪೆರ್ಪೆತುವಾಳ ಬಡಕಲು ಹಂದಿ ಮರಿ ಹಾಕಿದ್ದು ಮಾತೆಯ ಕೃಪೆ. ಅವಳ ಮೊಣಕಾಲು ನೋವು ಇಳಿದದ್ದು ಮಾತೆಯ ಕೃಪೆ. ನಿಂಬೆ ಎರಡು ಸಲ ಕಾಯಿ ಬಿಟ್ಟಿತು, ಎರಡು ಸಲವೂ ಆಚೆ ಕಡೆ. ಬೇಲಿಯ ಮೇಲೆ ಕತ್ತು ಚಾಚಿ ಇದನ್ನೆಲ್ಲ ನೋಡುತ್ತ ಕಸಿಲ್ಡಾ ಅಂದುಕೊಳ್ಳುತ್ತಿದ್ದಳು: ಆ ಮರಿಗಳು ನ್ಯಾಯವಾಗಿ ನನ್ನವು.

ಚಳಿಗಾಲಕ್ಕೆ ಸುದ್ದಿ ಬಂತು. ಚರ್ಚು ತೆರೆಯಬಹುದು, ಒಳಗೆ ಇಪ್ಪತ್ತೇ ಜನ. ಪಾಯಿ ಮೆಲಿತೊನ್, ಪಾದ್ರಿಗಳನ್ನು ಊರು ಕರೆಯುವುದು ಹಾಗೆ, ಬಾಗಿಲು ಕಾಯಲು ಗಟ್ಟಿ ಮನುಷ್ಯರೊಬ್ಬರು ಬೇಕೆಂದರು. ಬೇರೆಯವರು ಯೋಚಿಸುವಷ್ಟರಲ್ಲಿ ಕಸಿಲ್ಡಾ ಒಪ್ಪಿಯಾಗಿತ್ತು.

“ಮೊದಲ ಭಾನುವಾರವೇ ಞಾ ಪೆರ್ಪೆತುವಾ ಪೆಟ್ಟಿಗೆ ತರ್ತಾರೆ” ಎಂದರು ಪಾಯಿ. “ಒರೆಸಿ, ಆಶೀರ್ವಾದ ಮಾಡಿ, ಪೂಜೆ ಮುಗಿದ ಮೇಲೆ ನಿಮ್ಮ ಕೈಗೆ ಕೊಡೋಣ. ನಿಮ್ಮ ಮನೆಯವರು ಯಾರಾದ್ರೂ ಒಳಗೆ ಇರಬೇಕು, ಅಷ್ಟೇ.”

“ಯಾರಾದ್ರೂ ಯಾಕೆ ಪಾಯಿ, ನಾನೇ ಇರ್ತೀನಲ್ಲ.”

ಆ ವಾರ ಅವಳು ಚರ್ಚನ್ನು ಕೋಟೆ ಮಾಡಿದಳು. ಅಂಟಿಕೊಂಡಿದ್ದ ಕಿಟಕಿಗಳನ್ನು ಸುತ್ತಿಗೆಯಿಂದ ಹೊಡೆದು ತೆರೆಸಿದಳು. ಬೆಂಚುಗಳಿಗೆ ಒಂದು ಬಿಟ್ಟು ಒಂದರಂತೆ ಹಗ್ಗ ಬಿಗಿದಳು. ತೀರ್ಥದ ಬೋಗುಣಿ ಒಣಗಿಸಿ, ಬಾಗಿಲಲ್ಲಿ ಕೊಳಾಯಿ ಹಾಕಿದ ಡ್ರಮ್ಮು, ಸಾಬೂನು ಇಟ್ಟಳು. ಶಾಂತಿಯ ಕೈಕುಲುಕು ಇಲ್ಲ, ತಲೆಬಾಗಿದರೆ ಸಾಕು. ಪರಮಪ್ರಸಾದ ನಾಲಿಗೆಗಲ್ಲ, ಅಂಗೈಗೆ. ಸಂತರ ಪ್ರತಿಮೆಗಳ ಪಾದ ಮುಟ್ಟಿದವರಿಗೆ ಅವಳ ಸುಡುನೋಟ. ಪಕ್ಕದೂರಿನಲ್ಲಿ ಇಬ್ಬರನ್ನು ಗಂಟೆ ಹೊಡೆಯದೆ, ಪಾದ್ರಿಯೊಬ್ಬರೇ ನಿಂತು ಹೂಳಿದ್ದು ಅವಳಿಗೆ ಗೊತ್ತಿತ್ತು. ಅದರಿಂದ ಅವಳ ಕಟ್ಟುನಿಟ್ಟು ಬರೀ ಜಂಬದ್ದಾಗಿರಲಿಲ್ಲ. ಎಲ್ಲಕ್ಕೂ ಮಿಗಿಲಾದ ಆಯುಧ ಹಣೆಗೆ ಗುರಿಯಿಟ್ಟು ಜ್ವರ ಅಳೆಯುವ ಬಿಳಿ ಪಿಸ್ತೂಲು. ಮೂವತ್ತೇಳೂವರೆ ದಾಟಿದವರು ವಾಪಸ್ಸು, ಎರಡನೆಯ ಸಲ ಅಳೆಯುವಂತಿಲ್ಲ. ನಿಯಮ ಬರೆದವಳೂ ಅವಳೇ, ಬಾಗಿಲಿಗೆ ಅಂಟಿಸಿದವಳೂ ಅವಳೇ.

ಭಾನುವಾರ ಬೆಳಕು ಹರಿಯುವ ಮುನ್ನವೇ ಅವಳು ಗೂಡೊಲೆ ಹಚ್ಚಿದಳು. ಮಾತೆಯನ್ನು ಬರಮಾಡಿಕೊಳ್ಳುವ ಚಿಪಾ ಪೆಟ್ಟಿಗೆ ತನ್ನ ಮನೆಗೆ ಬಂದ ದಿನ ಪೆರ್ಪೆತುವಾ ಹಂಚಿದ್ದರ ಎರಡರಷ್ಟಿರಬೇಕು. ಎರಡು ಸುತ್ತು ಬೇಯಿಸಿ ಆಮೇಲೆ ಮೂರನೆಯದನ್ನೂ ಇಟ್ಟಳು. ಒಲೆಯ ಬಾಯಿಗೆ ಮುಖವಿಟ್ಟು ಕೆಂಡ ಕೆದಕಿ ಕೆದಕಿ ಹೊತ್ತಾಗಿ, ತಲೆಗೆ ಉಣ್ಣೆಯ ಶಾಲು ಸುತ್ತಿಕೊಂಡು ಚರ್ಚಿಗೆ ಓಡಿದಳು.

ಮೊದಲು ಬಂದವನು ಮುದುಕ ಕ್ರಿಸ್ಪಿನ್. ಪಿಸ್ತೂಲು ಕೆಂಪಾಗಿ ಕೀಂಯ್ ಅಂದಿತು.

“ಚಳಿ ಅಂತ ಒಲೆ ಮುಂದೆ ಕೂತಿದ್ದೆ ಕಣಮ್ಮ. ಸ್ವಲ್ಪ ಗಾಳಿಗೆ ನಿಂತು ಬರ್ತೀನಿ, ಇನ್ನೊಂದ್ಸಲ ನೋಡು.”

“ಮಷೀನು ಸುಳ್ಳು ಹೇಳಲ್ಲ ತಾತ. ಮಾವಿನ ಮರದ ಕೆಳಗೆ ಕೂತ್ಕೊಳಿ, ಕಿಟಕಿಯಿಂದ ಎಲ್ಲ ಕೇಳ್ಸುತ್ತೆ.”

ಎರಡನೆಯವನು ಸ್ವಂತ ಗಂಡ. ಪಿಸ್ತೂಲು ಹಸಿರು ತೋರಿತು, ಆದರೆ ಎಲಾದಿಯೊ ಒಂದು ಸಲ ಕೆಮ್ಮಿದ. ಸಾಲಿನಲ್ಲಿದ್ದವರೆಲ್ಲ ಕಸಿಲ್ಡಾಳ ಮುಖ ನೋಡಿದರು. ಸಿಂಹಾಸನದ ಮೇಲೆ ಕೂತ ರಾಜರು ಮಕ್ಕಳನ್ನೇ ಶೂಲಕ್ಕೇರಿಸಿದ ಕಥೆಗಳಿವೆ.

“ಮನೆಗೆ ನಡೀರಿ” ಎಂದಳು.

“ಹೊಗೆ ಕಣೇ. ನಿನ್ನ ಒಲೇದೇ ಹೊಗೆ.”

“ಮನೆಗೆ ನಡೀರಿ.”

ಸಾಲಿನಲ್ಲಿ ಮೆಚ್ಚುಗೆಯ ಗುಸುಗುಸು ಹರಿಯಿತು. ಞಾ ಕಸಿಲ್ಡಾಳ ಜೀವನದ ಶಿಖರ ಅದು. ಅಲ್ಲಿಂದ ಮುಂದೆ ಇಳಿಜಾರು.

ಪೆಟ್ಟಿಗೆಯನ್ನು ಎದೆಗವಚಿಕೊಂಡು ಪೆರ್ಪೆತುವಾ ಬಂದಳು. ಮುಖಕ್ಕೆ ಜೇಡರ ಬಲೆಯಂಥ ಕಸೂತಿಯ ಮಾಸ್ಕು.

“ಕೊಮಾದ್ರೆ, ಚೆಂದಾಗಿದೆ. ಆದ್ರೆ ಆ ತೂತಲ್ಲಿ ಸೊಳ್ಳೆ ತನ್ನ ಮದುವೆ ದಿಬ್ಬಣ ಕರ್ಕೊಂಡೋಗ್ಬೋದು” ಎಂದಳು ಕಸಿಲ್ಡಾ ಸಂತೋಷದಿಂದ. “ನಿಯಮ ನಿಯಮವೇ. ಪೆಟ್ಟಿಗೆ ಇಲ್ಲಿ ಕೊಡಿ, ನೀವು ಮರದ ಕೆಳಗೆ…”

ಪೆರ್ಪೆತುವಾ ಪೆಟ್ಟಿಗೆ ಕೆಳಗಿಳಿಸಿ, ಚೀಲದಿಂದ ದಪ್ಪ ಬಟ್ಟೆಯ ಇನ್ನೊಂದು ಮಾಸ್ಕು ತೆಗೆದು ಕಟ್ಟಿಕೊಂಡಳು. ಕೈ ತೊಳೆದಳು. ಹಣೆ ಒಡ್ಡಿದಳು. ಹಸಿರು.

“ಬಾಗಿಲು ಕಾಯೋರಿಗೆ ಅಳೆಯೋರು ಯಾರು ಕೊಮಾದ್ರೆ?” ಎಂದಳು ಮೆಲ್ಲಗೆ.

ಒಳಗಿಂದ ಪಾಯಿ ಬಂದರು. “ಹೌದಲ್ಲ. ಎಲ್ಲರ ಹತ್ರ ನಿಲ್ಲೋರು ಇವರೇ. ಇವರನ್ನೇ ಮೊದಲು ನೋಡ್ಬೇಕಿತ್ತು.” ಅವರೇ ಪಿಸ್ತೂಲು ತೆಗೆದುಕೊಂಡರು. ಕಸಿಲ್ಡಾ ಶಾಲು ಸರಿಸಿ, ರಾಣಿಯ ಹಾಗೆ ಹಣೆ ಎತ್ತಿದಳು.

ಕೀಂಯ್. ಮೂವತ್ತೆಂಟು.

“ಒಲೆ ಪಾಯಿ. ಮೂರು ಸುತ್ತು ಚಿಪಾ…” ಎಂದಳು. ಹೇಳುತ್ತ ಹೇಳುತ್ತ ಅವಳಿಗೇ ತನ್ನ ಮಾತಿನಲ್ಲಿ ಕ್ರಿಸ್ಪಿನ್ ಕೇಳಿಸಿದ. ಬಾಗಿಲಿಗೆ ಅಂಟಿಸಿದ ಕಾಗದ ಗಾಳಿಗೆ ಪಟಪಟ ಅನ್ನುತ್ತಿತ್ತು. ಪಾಯಿ ಅದನ್ನು ನೋಡಿದರು, ಅವಳನ್ನು ನೋಡಿದರು. ಪಾಪ, ಅವರಿಗೂ ಬೇರೆ ದಾರಿ ಇರಲಿಲ್ಲ. ಸಾಲು ಪೂರ್ತಿ ನೋಡುತ್ತಿತ್ತು.

ಮಾವಿನ ಮರದ ಕೆಳಗೆ ಕ್ರಿಸ್ಪಿನ್ ಬೇರಿನ ಆಚೆ ತುದಿಗೆ ಸರಿದು ಕೂತ. “ಬಾಮ್ಮ, ನೆರಳು ಇಬ್ರಿಗೂ ಆಗುತ್ತೆ. ಸ್ವಲ್ಪ ದೂರ ಕೂತ್ಕೊ. ಮಷೀನು ಸುಳ್ಳು ಹೇಳಲ್ಲ.”

ಅವಳೇ ತೆರೆಸಿದ ಕಿಟಕಿಗಳಿಂದ ಪೂಜೆಯ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ಕೊನೆಯಲ್ಲಿ ಪಾಯಿ, ಕಸಿಲ್ಡಾಳ ಮನೆಯವರು ಯಾರೂ ಒಳಗಿಲ್ಲವಾದ್ದರಿಂದ ಪೆಟ್ಟಿಗೆಯನ್ನು ಞಾ ಬೆನಿಗ್ನಾ ಒಯ್ಯಲಿ ಎಂದರು.

“ಅಯ್ಯೋ, ನನ್ಗೆ ಬೇಡ” ಎಂದಿತು ಬೆನಿಗ್ನಾಳ ಧ್ವನಿ. “ಸರದಿ ಮುರಿದ್ರೆ ಆಲಿಕಲ್ಲು. ನನ್ನ ಮರಗೆಣಸು ಈಗಷ್ಟೇ ಚಿಗುರಿದೆ. ಅವಳ ಮನೆ ದಾಟಿ ಬಂದ್ರೆ ಮಾತ್ರ ತಗೋತೀನಿ.”

“ಜ್ವರ ಬಂದ ಮನೆಗೆ ಈಗ ಕೊಡೋ ಹಾಗಿಲ್ಲ” ಎಂದರು ಪಾಯಿ. “ಆರೋಗ್ಯ ಕೇಂದ್ರದವರು ಸರಿ ಅನ್ನೋವರೆಗೂ…”

“ನಮ್ಮಲ್ಲೇ ಇರ್ಲಿ ಬಿಡಿ ಪಾಯಿ. ಅಭ್ಯಾಸ ಆಗಿದೆ” ಎಂದಳು ಪೆರ್ಪೆತುವಾ.

ಕಸಿಲ್ಡಾ ಮಾವಿನ ಬೇರನ್ನು ಉಗುರಿನಿಂದ ಕೆರೆದಳು. ಮನೆಗೆ ಹೋದ ಮೇಲೆ ಮೂರು ಸುತ್ತು ಚಿಪಾವನ್ನು ಎಲಾದಿಯೊ ಒಬ್ಬನೇ ತಿನ್ನತೊಡಗಿದ, ಕೆಮ್ಮದೆ.

ಅಂದು ಸಂಜೆ ಬೇಲಿಯಾಚೆ ಸದ್ದಾಯಿತು. ಪೆರ್ಪೆತುವಾ ಮೇಜನ್ನು ಅಂಗಳಕ್ಕೆ ಎಳೆದು ತಂದು, ಪೆಟ್ಟಿಗೆಯನ್ನು ಅದರ ಮೇಲಿಟ್ಟು, ಮಾತೆಯ ಮುಖ ಈಚೆಗೆ ತಿರುಗಿಸಿದಳು.

“ಇದೇನು ಕೊಮಾದ್ರೆ?”

“ಇಷ್ಟು ತಿಂಗಳು ಬೇಲಿ ಮೇಲೆ ಕತ್ತು ಚಾಚಿ ಚಾಚಿ ನಿಮ್ಗೆ ಉಳುಕಿರುತ್ತೆ. ಇವತ್ತಿಂದ ಕೂತ್ಕೊಂಡೇ ನೋಡಿ.”

ತಾನು ಕದ್ದು ನೋಡಿದ್ದೆಲ್ಲ ಪೆರ್ಪೆತುವಾಗೆ ಗೊತ್ತಿತ್ತು ಅಂತಾಯಿತು. ಕಸಿಲ್ಡಾಗೆ ನೆಲ ಬಾಯಿ ಬಿಡಬಾರದೆ ಅನ್ನಿಸಿತು. ಆದರೂ ಕುರ್ಚಿ ತಂದು ಕೂತಳು. ಜಪಮಾಲೆ ಶುರುವಾಯಿತು. ಜಪದ ಐದು ‘ರಹಸ್ಯ’ಗಳಲ್ಲಿ ಮೂರನೆಯದರ ಹೊತ್ತಿಗೆ ಅವಳಿಗೆ ಹೊಳೆಯಿತು: ಮಾತೆಯ ಮುಖ ತನ್ನ ಕಡೆ, ಪೆರ್ಪೆತುವಾಗೆ ಕಾಣುವುದು ಬರೀ ಪೆಟ್ಟಿಗೆಯ ಬೆನ್ನು. ಅವಳ ಕಂಠಕ್ಕೆ ಒಮ್ಮೆಲೇ ಬಲ ಬಂತು.

“ಮೇಲಂಗಿಯ ಅಂಚು ಸ್ವಲ್ಪ ಸೊಟ್ಟಗಿದೆ ಕೊಮಾದ್ರೆ” ಎಂದಳು ಆಮೆನ್ ಆದ ಮೇಲೆ.

“ಗೊತ್ತು. ನೀವು ಹೇಳ್ತೀರಿ ಅಂತ್ಲೇ ಬಿಟ್ಟಿದ್ದೆ.”

ಆರೋಗ್ಯ ಕೇಂದ್ರದವರು ಸರಿ ಅಂದ ಮೇಲೆ, ಒರೆಸಿದ ಪೆಟ್ಟಿಗೆ ಕಸಿಲ್ಡಾಳ ಅಂಗಳಕ್ಕೆ ಬಂತು. ಅವಳು ಸ್ವಾಗತದ ಹಾಡನ್ನು ಹೆದ್ದಾರಿಗೆ ಕೇಳುವಂತೆ ಹಾಡಿದಳು. ಬೆಳ್ಳನೆಯ ಗೋಡೆಯ ಮುಂದೆ ಮಾತೆ ಕೂತಳು. ಇಡೀ ಒಂದು ಹಗಲು, ಇಡೀ ಒಂದು ರಾತ್ರಿ. ಕಸಿಲ್ಡಾ ರೆಪ್ಪೆ ಮುಚ್ಚಿದ್ದು ಕಡಿಮೆ.

ಮರುದಿನ ಸಂಜೆ ಮಾಸ್ಕು ಸರಿಮಾಡಿಕೊಳ್ಳುತ್ತ ಞಾ ಬೆನಿಗ್ನಾ ಗೇಟಿನ ಹೊರಗೆ ನಿಂತಳು. “ಒಂದು ಮಾತು ಕಸಿಲ್ಡಾ. ನಿಮ್ಮ ಗೋಡೆ ನೋಡಿ ನಮ್ಮದಕ್ಕೆ ನಾಚಿಕೆ ಆಗ್ತಿದೆ. ಒಂದೇ ಒಂದು ದಿನ ತಡೀತೀರಾ? ಸುಣ್ಣ ಹೊಡ್ದು…”

“ಒಂದೇನು, ಎಷ್ಟು ದಿನ ಬೇಕಾದ್ರೂ ಇರ್ಲಿ ಬಿಡಿ” ಎಂದಳು ಕಸಿಲ್ಡಾ, ಬಾಯಲ್ಲಿ ಜೇನು ಸುರಿಯುತ್ತ.

ಬೇಲಿಯಾಚೆ ನಿಂಬೆಗಿಡದ ಸಂದಿಯಿಂದ ಒಂದು ಕತ್ತು ನಿಧಾನವಾಗಿ ಮೇಲೆದ್ದಿತು. ಞಾ ಕಸಿಲ್ಡಾ ಅದನ್ನು ಕಂಡೂ ಕಾಣದವಳ ಹಾಗೆ ಒಳಗೆ ಹೋಗಿ, ಸುದ್ದಿಯ ಹೊತ್ತಾಯಿತೆಂದು ರೇಡಿಯೋ ಹಾಕಿ, ಅದರ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಳು.